ಗರ್ಭಿಣಿಯ ಪಿತ್ತಕೋಶದಲ್ಲಿ ಕಲ್ಲು: ಕಾಯುವುದೇ, ಶಸ್ತ್ರಚಿಕಿತ್ಸೆಯೇ?

ತಿಳವಳ್ಳಿ (ಹಾನಗಲ್ ತಾಲೂಕು): ಐದು ತಿಂಗಳ ಗರ್ಭಿಣಿ. ರಾತ್ರಿ ಊಟ ಮುಗಿಸಿ ಮಲಗಿದ ಒಂದೆರಡು ಗಂಟೆಯಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದಂತಹ ನೋವು. ನೋವು ಬೆನ್ನಿಗೆ, ಬಲ ಭುಜಕ್ಕೆ ಹರಿಯುತ್ತದೆ. ಎರಡು ಬಾರಿ ವಾಂತಿಯಾಗುತ್ತದೆ. ಮನೆಯಲ್ಲಿದ್ದ ಹಿರಿಯರು ‘ಪಿತ್ತ ಕೆರಳಿದೆ’ ಎಂದು ಜೀರಿಗೆ ಕಷಾಯ ಕುಡಿಸುತ್ತಾರೆ. ಬೆಳಗಿನ ಹೊತ್ತಿಗೆ ನೋವು ಇಳಿಯುತ್ತದೆ, ವಿಷಯವೂ ಮರೆತುಹೋಗುತ್ತದೆ. ಹದಿನೈದು ದಿನಗಳ ನಂತರ ಅದೇ ನೋವು ಮತ್ತೆ ಬರುತ್ತದೆ.

ಶಾಂತೇಶ್ವರ ದೇವಾಲಯದಿಂದ ಹೆಸರಾದ ತಿಳವಳ್ಳಿಯಲ್ಲಾಗಲಿ, ಹಾನಗಲ್, ಹಿರೇಕೆರೂರ, ಶಿಗ್ಗಾಂವಿ, ಸವಣೂರು ಸೀಮೆಯ ಯಾವುದೇ ಹಳ್ಳಿಯಲ್ಲಾಗಲಿ ಇಂತಹ ಸನ್ನಿವೇಶ ಅಪರೂಪವೇನಲ್ಲ. ಗರ್ಭಿಣಿಯ ಹೊಟ್ಟೆನೋವೆಂದರೆ ಬಸಿರಿನ ಸಹಜ ಸಂಕಟ, ಗ್ಯಾಸ್ ಅಥವಾ ಆಮ್ಲಪಿತ್ತ ಎಂದು ಭಾವಿಸುವುದು ರೂಢಿ. ಬಹುತೇಕ ಸಂದರ್ಭಗಳಲ್ಲಿ ಆ ಊಹೆ ಸರಿಯೂ ಆಗಿರುತ್ತದೆ. ಆದರೆ ಕೆಲವರಲ್ಲಿ ನೋವಿನ ಮೂಲ ಪಿತ್ತಕೋಶದಲ್ಲಿ ಕೂಡಿದ ಕಲ್ಲು. ಸ್ಕ್ಯಾನಿಂಗ್‌ನಲ್ಲಿ ಅದು ಪತ್ತೆಯಾದ ಕ್ಷಣದಿಂದ ಕುಟುಂಬದ ಮುಂದೆ ಕಠಿಣ ಪ್ರಶ್ನೆಯೊಂದು ನಿಲ್ಲುತ್ತದೆ: ಹೆರಿಗೆಯವರೆಗೆ ಔಷಧಿಯಲ್ಲೇ ಕಾಯುವುದೋ, ಹೊಟ್ಟೆಯಲ್ಲಿ ಮಗುವಿರುವಾಗಲೇ ಶಸ್ತ್ರಚಿಕಿತ್ಸೆಗೆ ಒಪ್ಪುವುದೋ?

ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ನೋವಿನ ಸ್ವರೂಪ, ಗರ್ಭದ ತಿಂಗಳು, ಸೋಂಕಿನ ಲಕ್ಷಣ ಮತ್ತು ಕಲ್ಲು ಇರುವ ಜಾಗ, ಈ ನಾಲ್ಕನ್ನು ಆಧರಿಸಿ ತೀರ್ಮಾನ ಬದಲಾಗುತ್ತದೆ. ಲಭ್ಯವಿರುವ ಮಾರ್ಗಗಳನ್ನು ಮೊದಲೇ ತಿಳಿದಿದ್ದರೆ ಗಾಬರಿಯಲ್ಲಿ ತಪ್ಪು ನಿರ್ಧಾರ ಕೈಗೊಳ್ಳುವುದನ್ನು ತಪ್ಪಿಸಬಹುದು.

ಪಿತ್ತವೇ ಬೇರೆ, ಪಿತ್ತಕೋಶವೇ ಬೇರೆ

ಆಡುಮಾತಿನಲ್ಲಿ ತಲೆಸುತ್ತು, ವಾಂತಿ, ಹುಳಿತೇಗು ಎಲ್ಲಕ್ಕೂ ‘ಪಿತ್ತ’ ಎಂಬ ಒಂದೇ ಹೆಸರಿದೆ. ಪಿತ್ತಕೋಶವಾದರೋ ಯಕೃತ್ತಿನ ತಳಭಾಗಕ್ಕೆ ಅಂಟಿಕೊಂಡಿರುವ ಚಿಕ್ಕ ಚೀಲ. ಯಕೃತ್ತು ದಿನವೂ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಅದರಲ್ಲೊಂದು ಪಾಲನ್ನು ಈ ಚೀಲ ಹಿಡಿದಿಟ್ಟು, ನೀರಿನಂಶವನ್ನು ಹೀರಿ ಗಟ್ಟಿಗೊಳಿಸುತ್ತದೆ. ಜಿಡ್ಡಿನ ಆಹಾರ ಕರುಳಿಗೆ ಇಳಿದಾಗ ಚೀಲ ಸಂಕುಚಿತಗೊಂಡು ರಸವನ್ನು ಪಿತ್ತನಾಳದ ಮೂಲಕ ಕರುಳಿಗೆ ಸುರಿಯುತ್ತದೆ. ಕೊಬ್ಬು ಜೀರ್ಣವಾಗುವುದು ಈ ರಸದ ನೆರವಿನಿಂದ.

ಪಿತ್ತರಸದಲ್ಲಿ ಕೊಲೆಸ್ಟೆರಾಲ್ ಪ್ರಮಾಣ ಹೆಚ್ಚಾಗಿ, ಚೀಲ ಸರಿಯಾಗಿ ಬರಿದಾಗದಿದ್ದರೆ ತಳದಲ್ಲಿ ಗಸಿ ಕೂಡುತ್ತದೆ. ಗಸಿ ಹರಳುಗಟ್ಟಿ ಕಲ್ಲಾಗುತ್ತದೆ. ಕಲ್ಲು ಚೀಲದಲ್ಲಿ ಸುಮ್ಮನೆ ಬಿದ್ದಿದ್ದರೆ ಯಾವ ತೊಂದರೆಯೂ ಇರುವುದಿಲ್ಲ. ಅದು ಚೀಲದ ಬಾಯಿಗೆ ಸಿಕ್ಕಿಕೊಂಡಾಗ ನೋವು ಆರಂಭವಾಗುತ್ತದೆ. ಕಲ್ಲು ಹಿಂದಕ್ಕೆ ಜಾರಿದರೆ ನೋವು ತಾನಾಗಿಯೇ ಶಮನವಾಗುತ್ತದೆ. ಕಷಾಯ ಕುಡಿದ ನಂತರ ವಾಸಿಯಾಯಿತೆಂಬ ಭಾವನೆ ಮೂಡುವುದು ಬಹುಪಾಲು ಈ ಕಾರಣದಿಂದಲೇ.

ಮೂತ್ರಪಿಂಡದ ಕಲ್ಲು ಮತ್ತು ಪಿತ್ತಕೋಶದ ಕಲ್ಲು ಒಂದೇ ಎಂಬ ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ಬಾಳೆದಿಂಡಿನ ರಸ ಕುಡಿದು, ಧಾರಾಳವಾಗಿ ನೀರು ಕುಡಿದು ಪಿತ್ತಕೋಶದ ಕಲ್ಲನ್ನು ಹೊರಹಾಕಲು ಸಾಧ್ಯವಿಲ್ಲ. ಅದಕ್ಕೆ ಮೂತ್ರದ ಹಾದಿಯ ಸಂಪರ್ಕವೇ ಇಲ್ಲ.

ಬಸಿರಿನಲ್ಲೇ ಏಕೆ?

ಗರ್ಭಾವಸ್ಥೆಯಲ್ಲಿ ದೇಹದಲ್ಲಿ ಎರಡು ಹಾರ್ಮೋನುಗಳು ಏರುತ್ತವೆ. ಈಸ್ಟ್ರೋಜೆನ್ ಪಿತ್ತರಸದಲ್ಲಿನ ಕೊಲೆಸ್ಟೆರಾಲ್ ಅಂಶವನ್ನು ಹೆಚ್ಚಿಸುತ್ತದೆ. ಪ್ರೊಜೆಸ್ಟೆರಾನ್ ಗರ್ಭಕೋಶದ ಸ್ನಾಯುಗಳನ್ನು ಸಡಿಲವಾಗಿ ಇಡುವುದರ ಜೊತೆಗೆ ಪಿತ್ತಕೋಶದ ಸ್ನಾಯುವನ್ನೂ ಸಡಿಲಗೊಳಿಸುತ್ತದೆ. ಹೀಗಾಗಿ ರಸ ಗಟ್ಟಿಯಾಗುತ್ತದೆ, ಚೀಲವೂ ಪೂರ್ತಿ ಬರಿದಾಗುವುದಿಲ್ಲ. ಮಗುವನ್ನು ಕಾಪಾಡುವ ವ್ಯವಸ್ಥೆಯೇ ತಾಯಿಯ ಪಿತ್ತಕೋಶಕ್ಕೆ ತೊಡಕಾಗಿ ಪರಿಣಮಿಸುತ್ತದೆ.

ಅಮೆರಿಕದಲ್ಲಿ 3,200ಕ್ಕೂ ಹೆಚ್ಚು ಗರ್ಭಿಣಿಯರನ್ನು ಸ್ಕ್ಯಾನಿಂಗ್ ಮೂಲಕ ಗಮನಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೆರಿಗೆಯಾದ ನಾಲ್ಕರಿಂದ ಆರು ವಾರದೊಳಗೆ ನೂರರಲ್ಲಿ ಸುಮಾರು 10 ಮಹಿಳೆಯರಲ್ಲಿ ಗಸಿ ಅಥವಾ ಕಲ್ಲು ಕಾಣಿಸಿಕೊಂಡಿತ್ತು. ಆದರೆ ಹೆರಿಗೆಯ ನಂತರದ ಒಂದು ವರ್ಷದಲ್ಲಿ ಪಿತ್ತಕೋಶ ತೆಗೆಸಿಕೊಳ್ಳಬೇಕಾಗಿ ಬಂದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಕಲ್ಲು ಕಂಡವರೆಲ್ಲರೂ ರೋಗಿಗಳಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದೇ ವೇಳೆ, ಗರ್ಭಾವಸ್ಥೆಗೆ ನೇರ ಸಂಬಂಧವಿಲ್ಲದ ಶಸ್ತ್ರಚಿಕಿತ್ಸಾ ತುರ್ತುಗಳಲ್ಲಿ ಅಪೆಂಡಿಸೈಟಿಸ್ ನಂತರದ ಸ್ಥಾನ ಪಿತ್ತಕೋಶದ ಉರಿಯೂತಕ್ಕೇ ಸಲ್ಲುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಈ ಮೊದಲೇ ಎರಡು ಮೂರು ಹೆರಿಗೆಯಾದವರು, ಗರ್ಭ ಧರಿಸುವ ಮುನ್ನವೇ ತೂಕ ಹೆಚ್ಚಿದ್ದವರು, ಹಿಂದೆಯೇ ಕಲ್ಲು ಪತ್ತೆಯಾಗಿದ್ದವರು ಮತ್ತು ಕುಡಗೋಲು ಕಣದ ರಕ್ತಹೀನತೆಯಂತಹ ಕಾಯಿಲೆಯುಳ್ಳವರಲ್ಲಿ ಸಾಧ್ಯತೆ ಅಧಿಕ.

ಲಕ್ಷಣ ಗುರುತಿಸುವುದು ಹೇಗೆ?

ಕಲ್ಲಿನ ನೋವಿಗೆ ತನ್ನದೇ ಆದ ಗುರುತುಗಳಿವೆ. ಹೊಟ್ಟೆಯ ಮೇಲ್ಭಾಗದ ಬಲಗಡೆ ಅಥವಾ ನಡುವೆ ಆರಂಭವಾಗುವ ನೋವು ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮನೆ ಇರುತ್ತದೆ. ಮಿರ್ಚಿ ಭಜಿ, ಪೂರಿ, ಮಾಂಸದ ಸಾರಿನಂತಹ ಜಿಡ್ಡಿನ ಊಟದ ನಂತರ, ಅದರಲ್ಲೂ ರಾತ್ರಿಯ ವೇಳೆ ಬರುವುದು ಹೆಚ್ಚು. ಎದೆಯುರಿಯಂತೆ ಎದ್ದು ಕುಳಿತರೆ ಅಥವಾ ಆಮ್ಲನಿವಾರಕ ಮಾತ್ರೆ ನುಂಗಿದರೆ ಇದು ಕಡಿಮೆಯಾಗದು. ಹೆರಿಗೆ ನೋವಿನಂತೆ ಅಲೆಅಲೆಯಾಗಿ ಹೊಟ್ಟೆಯ ಕೆಳಭಾಗಕ್ಕೂ ಇಳಿಯದು.

ನೋವು ಆರು ಗಂಟೆಗಿಂತ ಹೆಚ್ಚು ಕಾಲ ನಿಲ್ಲದೇ ಮುಂದುವರಿದು, ಜೊತೆಗೆ ಜ್ವರವೂ ಬಂದರೆ ಪಿತ್ತಕೋಶ ಊದಿಕೊಂಡು ಸೋಂಕು ತಗಲಿರುವ ಶಂಕೆ ಇರುತ್ತದೆ. ಕಣ್ಣು ಹಳದಿಯಾದರೆ ಕಲ್ಲು ಮುಖ್ಯ ಪಿತ್ತನಾಳಕ್ಕೆ ಜಾರಿರಬಹುದು. ನೋವು ಹೊಟ್ಟೆಯ ನಡುವೆ ತೀವ್ರಗೊಂಡು ಬೆನ್ನಿಗೆ ಇರಿದಂತಾದರೆ ಮೇದೋಜೀರಕ ಗ್ರಂಥಿಗೆ ಉರಿಯೂತ ಹಬ್ಬಿರುವ ಸಾಧ್ಯತೆ ಇದೆ. ಈ ಮೂರೂ ಮನೆಯಲ್ಲಿ ಕಾಯುವಂತಹ ಸ್ಥಿತಿಗಳಲ್ಲ.

ಬಲಪಕ್ಕೆಯ ನೋವೆಲ್ಲ ಕಲ್ಲೇ ಎಂದು ನಿರ್ಧರಿಸುವುದೂ ಅಷ್ಟೇ ಅಪಾಯಕಾರಿ. ಐದು ತಿಂಗಳು ಕಳೆದ ಗರ್ಭಿಣಿಗೆ ರಕ್ತದೊತ್ತಡ 140/90 ಅಥವಾ ಅದಕ್ಕೂ ಮೀರಿ ಏರಿ, ತಲೆನೋವು ಹಾಗೂ ಕಣ್ಣು ಮಂಜಾಗುವುದರ ಜೊತೆಗೆ ಇದೇ ಜಾಗದಲ್ಲಿ ನೋವಿದ್ದರೆ ಅದು ಗರ್ಭನಂಜಿನ ಸೂಚನೆಯಾಗಿರಬಹುದು. ಅಲ್ಲಿ ತಡವಾದರೆ ತಾಯಿ, ಮಗು ಇಬ್ಬರ ಪ್ರಾಣಕ್ಕೂ ಕುತ್ತು. ಅಂಗೈ, ಅಂಗಾಲಿನ ತೀವ್ರ ತುರಿಕೆ ಪಿತ್ತರಸದ ಹರಿವು ಯಕೃತ್ತಿನೊಳಗೇ ಕುಂಠಿತಗೊಳ್ಳುವ ಬೇರೊಂದು ತೊಂದರೆಯನ್ನು ಸೂಚಿಸುತ್ತದೆ. ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಇ ಕಾಮಾಲೆಯಂತೂ ಕೊನೆಯ ತಿಂಗಳುಗಳಲ್ಲಿ ಗರ್ಭಿಣಿಗೆ ಮಾರಕವಾಗಬಲ್ಲದು. ಬೆಳೆದ ಗರ್ಭಕೋಶ ಅಪೆಂಡಿಕ್ಸನ್ನು ಮೇಲಕ್ಕೆ ತಳ್ಳಿ ಅದರ ನೋವು ಬಲಪಕ್ಕೆಯಲ್ಲಿ ಕಾಣಿಸುವುದೂ ಉಂಟು. ಆದ್ದರಿಂದ ರಕ್ತದೊತ್ತಡ ನೋಡದೆ, ಮೂತ್ರ ಮತ್ತು ರಕ್ತ ಪರೀಕ್ಷಿಸದೆ ‘ಗ್ಯಾಸ್’ ಎಂದು ಚುಚ್ಚುಮದ್ದು ಹಾಕಿ ಕಳುಹಿಸುವುದು ಸಲ್ಲದು.

ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭಗಳು

* 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ, ಚಳಿ ನಡುಕ
* ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಮಲ ಬಿಳಿಚಿಕೊಳ್ಳುವುದು
* ಆರು ಗಂಟೆ ಮೀರಿದ ನೋವು, ನೀರೂ ನಿಲ್ಲದಂತಹ ವಾಂತಿ
* ತಲೆನೋವು, ಕಣ್ಣು ಮಂಜಾಗುವುದು, ಮುಖ ಹಾಗೂ ಕೈ ಊದುವುದು
* ಹೊಟ್ಟೆ ಪದೇ ಪದೇ ಬಿಗಿಯುವುದು, ರಕ್ತಸ್ರಾವ, ನೀರು ಹೋಗುವುದು
* ಮಗುವಿನ ಚಲನೆ ಕಡಿಮೆಯಾಗುವುದು

ಪರೀಕ್ಷೆಗಳು ಯಾವುವು?

ಮೊದಲ ಪರೀಕ್ಷೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಇದರಲ್ಲಿ ಬಳಕೆಯಾಗುವುದು ಶಬ್ದದ ಅಲೆಗಳು. ಕ್ಷಕಿರಣವಿಲ್ಲದ ಕಾರಣ ಮಗುವಿಗೆ ವಿಕಿರಣದ ಭಯವಿಲ್ಲ. ಪಿತ್ತಕೋಶದೊಳಗಿನ ಕಲ್ಲನ್ನು ಇದು ಬಹುತೇಕ ಖಚಿತವಾಗಿ ತೋರಿಸುತ್ತದೆ. ಆದರೆ ಮುಖ್ಯ ನಾಳದಲ್ಲಿ ಸಿಲುಕಿದ ಕಲ್ಲು ಕಣ್ತಪ್ಪಬಹುದು. ಸುಮಾರು ಆರು ಗಂಟೆ ಖಾಲಿ ಹೊಟ್ಟೆಯಲ್ಲಿದ್ದರೆ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ. ತುರ್ತು ಇದ್ದರೆ ಅದಕ್ಕಾಗಿ ಕಾಯುವ ಅಗತ್ಯವಿಲ್ಲ. ಬಸಿರಿನ ಸ್ಕ್ಯಾನಿಂಗ್ ಮಾಡಿಸಲು ಹೋದಾಗ ಪಕ್ಕೆ ನೋವಿನ ವಿಷಯವನ್ನು ಮೊದಲೇ ತಿಳಿಸುವುದು ಒಳಿತು. ಮಗುವನ್ನು ನೋಡುವ ಸ್ಕ್ಯಾನಿಂಗ್‌ನಲ್ಲಿ ತಾಯಿಯ ಪಿತ್ತಕೋಶವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಸಾಮಾನ್ಯವಲ್ಲ.

ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ, ಯಕೃತ್ತಿನ ಕಾರ್ಯ, ಅಮೈಲೇಸ್ ಹಾಗೂ ಲೈಪೇಸ್ ನೋಡಲಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಗರ್ಭಿಣಿಯರಲ್ಲಿ ಬಿಳಿ ರಕ್ತಕಣಗಳು ಸಹಜವಾಗಿಯೇ ಏರಿರುತ್ತವೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಅಂಶವನ್ನು ಮಾಸುಚೀಲವೂ ಉತ್ಪಾದಿಸುವುದರಿಂದ ಅದೊಂದೇ ಹೆಚ್ಚಿದೆಯೆಂದು ಗಾಬರಿಪಡಬೇಕಿಲ್ಲ. ನಾಳದ ಕಲ್ಲಿನ ಅನುಮಾನವಿದ್ದಲ್ಲಿ ಎಂಆರ್‌ಐ ತಂತ್ರದ ಎಂಆರ್‌ಸಿಪಿ ಪರೀಕ್ಷೆಯನ್ನು ಬಣ್ಣದ ದ್ರವ ಕೊಡದೆ ಮಾಡಲಾಗುತ್ತದೆ. ಸಿ.ಟಿ. ಸ್ಕ್ಯಾನ್ ಅನಿವಾರ್ಯವಾದಲ್ಲಿ ಮಾತ್ರ.

ಮುಂದಿರುವ ನಾಲ್ಕು ಮಾರ್ಗಗಳು

1. ಏನೂ ಮಾಡದೆ ಗಮನಿಸುವುದು: ಕಲ್ಲಿದೆ, ನೋವಿಲ್ಲ ಎಂದಾದರೆ ಚಿಕಿತ್ಸೆಯೇ ಬೇಡ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತೆಂದು ಗರ್ಭಿಣಿಯ ಪಿತ್ತಕೋಶ ತೆಗೆಯುವುದು ಸರಿಯಲ್ಲ. ಹೆರಿಗೆಯ ನಂತರ ಹಾರ್ಮೋನುಗಳು ಇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಗಸಿ ತಾನಾಗಿಯೇ ಕರಗುತ್ತದೆ. ಸಣ್ಣ ಕಲ್ಲುಗಳೂ ಕೆಲವರಲ್ಲಿ ಮಾಯವಾಗುತ್ತವೆ.

2. ಔಷಧ ಮತ್ತು ಪಥ್ಯ: ಒಂದೆರಡು ಬಾರಿ ಮಾತ್ರ ಬಂದು ಹೋದ, ಜ್ವರವಿಲ್ಲದ ನೋವಿಗೆ ಮೊದಲು ಅನುಸರಿಸುವ ಮಾರ್ಗವಿದು. ಬಾಯಿಂದ ಆಹಾರ ನಿಲ್ಲಿಸಿ ಸಲೈನ್ ಕೊಡುವುದು, ವಾಂತಿ ಹಾಗೂ ನೋವು ತಡೆಯುವುದು, ಸೋಂಕಿದ್ದರೆ ಗರ್ಭಿಣಿಯರಿಗೆ ಹೊಂದುವ ಪೆನ್ಸಿಲಿನ್ ಅಥವಾ ಸೆಫಲೋಸ್ಪೊರಿನ್ ಗುಂಪಿನ ಆ್ಯಂಟಿಬಯಾಟಿಕ್ ನೀಡುವುದು ಇದರ ಭಾಗ. ನೋವಿಗೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಅದು ಸಾಲದಾದರೆ ಆಸ್ಪತ್ರೆಯಲ್ಲಿ ವೈದ್ಯರ ನಿಗಾದಲ್ಲಿ ಹೆಚ್ಚು ಶಕ್ತಿಯ ಔಷಧ ಕೊಡಲಾಗುತ್ತದೆ. ಔಷಧ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿ ನುಂಗುವುದು ಬೇಡ. 20 ವಾರಗಳ ನಂತರ ಇವು ಮಗುವಿನ ಮೂತ್ರಪಿಂಡಕ್ಕೆ ಬಾಧೆ ತಂದು ಗರ್ಭಜಲ ಕಡಿಮೆಯಾಗಲು ಕಾರಣವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಅವಧಿಗೆ ಮುನ್ನವೇ ಮುಚ್ಚಿಕೊಳ್ಳುವ ಅಪಾಯವೂ ಇದೆ.

3. ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆ: ನೋವು ಮರುಕಳಿಸುತ್ತಿದ್ದರೆ, ಊಟ ಸೇರದೆ ತಾಯಿಯ ತೂಕ ಇಳಿಯುತ್ತಿದ್ದರೆ, ಪಿತ್ತಕೋಶಕ್ಕೆ ಉರಿಯೂತ ಅಥವಾ ಸೋಂಕು ತಗಲಿದ್ದರೆ ಈ ಮಾರ್ಗ ಮುಂದೆ ಬರುತ್ತದೆ. ಕಲ್ಲನ್ನಷ್ಟೇ ತೆಗೆದು ಚೀಲ ಉಳಿಸಿದರೆ ಮತ್ತೆ ಕಲ್ಲು ಕೂಡುತ್ತದೆ. ಆದ್ದರಿಂದ ಚೀಲವನ್ನೇ ತೆಗೆಯಲಾಗುತ್ತದೆ. ಪಿತ್ತಕೋಶವಿಲ್ಲದಿದ್ದರೂ ಯಕೃತ್ತಿನ ರಸ ನೇರವಾಗಿ ಕರುಳಿಗೆ ಹರಿಯುವುದರಿಂದ ಜೀರ್ಣಕ್ರಿಯೆ ನಡೆಯುತ್ತದೆ.

4. ನಾಳದ ಕಲ್ಲು ತೆಗೆಯುವ ಇಆರ್‌ಸಿಪಿ: ಕಲ್ಲು ಮುಖ್ಯ ನಾಳದಲ್ಲಿ ಸಿಲುಕಿ ಕಾಮಾಲೆ, ಚಳಿಜ್ವರ ಬಂದಾಗ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ತುದಿ ಅಗಲಿಸಿ ಕಲ್ಲು ಹೊರತೆಗೆಯಲಾಗುತ್ತದೆ. ಕ್ಷಕಿರಣದ ಬಳಕೆಯನ್ನು ಅತ್ಯಲ್ಪ ಮಟ್ಟಕ್ಕಿಳಿಸಿ ಅನುಭವಿ ತಜ್ಞರು ಇದನ್ನು ಗರ್ಭಿಣಿಯರಿಗೂ ಮಾಡುತ್ತಾರೆ. ಶಸ್ತ್ರಚಿಕಿತ್ಸೆ ತಾಳಲಾರದಷ್ಟು ನಿತ್ರಾಣಗೊಂಡವರಿಗೆ ಚರ್ಮದ ಮೂಲಕ ಪಿತ್ತಕೋಶಕ್ಕೆ ಸಣ್ಣ ನಳಿಕೆ ಇಳಿಸಿ ಕೀವು ಬಸಿಯುವ ತಾತ್ಕಾಲಿಕ ಉಪಾಯವೂ ಉಂಟು.

ಕಲ್ಲು ಕರಗಿಸುತ್ತದೆಂದು ಹೇಳಲಾಗುವ ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕಾದದ್ದು. ಇಂದಿನ ನೋವಿಗೆ ಅದು ಪರಿಹಾರವಲ್ಲ. ಗರ್ಭಿಣಿಯ ತುರಿಕೆ ಕಾಯಿಲೆಗೆ ವೈದ್ಯರು ಅದೇ ಮಾತ್ರೆ ಬರೆಯುವುದುಂಟು, ಆ ಉದ್ದೇಶ ಬೇರೆ. ಆಘಾತ ತರಂಗಗಳಿಂದ ಕಲ್ಲು ಪುಡಿಮಾಡುವ ವಿಧಾನವನ್ನು ಗರ್ಭಾವಸ್ಥೆಯಲ್ಲಿ ಬಳಸುವಂತಿಲ್ಲ. ಎಣ್ಣೆ ಮತ್ತು ನಿಂಬೆರಸ ಕುಡಿದು ಕಲ್ಲು ಇಳಿಸುವ ಪ್ರಯೋಗ ನೋವನ್ನು ಕೆರಳಿಸಬಲ್ಲದು. ಕಲ್ಲಿನಿಂದ ಬಂದ ಕಾಮಾಲೆಗೆ ನಾಟಿ ಔಷಧ ಹುಡುಕಿಕೊಂಡು ಊರೂರು ಅಲೆಯುವುದರಿಂದ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಅಡ್ಡಗಟ್ಟಿದ ಕಲ್ಲು ಬೇರಿನ ರಸಕ್ಕೆ ಕರಗುವುದಿಲ್ಲ.

ತಿಂಗಳಿನ ಲೆಕ್ಕಾಚಾರ

ಗರ್ಭಿಣಿಗೆ ಶಸ್ತ್ರಚಿಕಿತ್ಸೆಯೇ ಕೂಡದೆಂಬ ಕಾಲವೊಂದಿತ್ತು. ಉದರದರ್ಶಕದ ನೆರವಿನಿಂದ ಪಿತ್ತಕೋಶ ತೆಗೆಯುವ ವಿಧಾನ ಜರ್ಮನಿಯಲ್ಲಿ 1985ರಲ್ಲಿ ಆರಂಭವಾಗಿ, ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ಅವರ ಮೂಲಕ ಕಾಲಿಟ್ಟಿತು. ಆರಂಭದ ದಿನಗಳಲ್ಲಿ ಬಸಿರಿದ್ದರೆ ಈ ವಿಧಾನ ನಿಷಿದ್ಧವೆಂದೇ ಪರಿಗಣಿಸಲಾಗುತ್ತಿತ್ತು. ನಂತರದ ಅನುಭವ ಆ ಅಭಿಪ್ರಾಯವನ್ನು ಬದಲಿಸಿತು. ಅಗತ್ಯವಿದ್ದಲ್ಲಿ ಗರ್ಭದ ಯಾವುದೇ ಹಂತದಲ್ಲೂ ಉದರದರ್ಶಕ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತವಾಗಿ ನಡೆಸಬಹುದು ಎಂಬುದು ಅಮೆರಿಕದ ಉದರದರ್ಶಕ ಶಸ್ತ್ರಚಿಕಿತ್ಸಕರ ಸಂಘದ ಮಾರ್ಗಸೂಚಿಯ ನಿಲುವು. ಅಗತ್ಯ ಶಸ್ತ್ರಚಿಕಿತ್ಸೆಯನ್ನು ಬಸಿರಿನ ಕಾರಣಕ್ಕೆ ನಿರಾಕರಿಸಬಾರದು, ತುರ್ತಿಲ್ಲದ್ದನ್ನು ಹೆರಿಗೆಯ ನಂತರಕ್ಕೆ ಮುಂದೂಡಬೇಕು ಎಂದು ಆ ದೇಶದ ಪ್ರಸೂತಿ ತಜ್ಞರ ಸಂಘ 2019ರಲ್ಲಿ ಪುನರುಚ್ಚರಿಸಿದೆ.

ಆದಾಗ್ಯೂ ತಿಂಗಳಿಗನುಗುಣವಾಗಿ ತಕ್ಕಡಿ ವಾಲುತ್ತದೆ.

ಮೊದಲ ಮೂರು ತಿಂಗಳು: ಮಗುವಿನ ಅಂಗಾಂಗ ರೂಪುಗೊಳ್ಳುವ ಕಾಲ. ಸಾಮಾನ್ಯ ನೋವಿದ್ದರೆ ಔಷಧದಲ್ಲಿ ನಿಭಾಯಿಸಿ ನಾಲ್ಕನೇ ತಿಂಗಳವರೆಗೆ ತಳ್ಳುವುದು ವಾಡಿಕೆ. ಆದರೆ ತೀವ್ರ ಸೋಂಕಿದ್ದರೆ ಕಾಯುವುದೇ ಹೆಚ್ಚು ಅಪಾಯ.

ನಾಲ್ಕರಿಂದ ಆರು ತಿಂಗಳು: ಶಸ್ತ್ರಚಿಕಿತ್ಸೆಗೆ ಅತ್ಯಂತ ಅನುಕೂಲಕರವೆಂದು ಪರಿಗಣಿತವಾದ ಅವಧಿ. ಅಂಗಾಂಗ ರಚನೆ ಮುಗಿದಿರುತ್ತದೆ. ಗರ್ಭಕೋಶ ಇನ್ನೂ ಪಿತ್ತಕೋಶದ ದಾರಿಗೆ ಅಡ್ಡಬಂದಿರುವುದಿಲ್ಲ.

ಕೊನೆಯ ಮೂರು ತಿಂಗಳು: ಗರ್ಭಕೋಶ ಹೊಟ್ಟೆಯನ್ನೆಲ್ಲ ಆವರಿಸಿರುವುದರಿಂದ ಶಸ್ತ್ರಚಿಕಿತ್ಸೆ ಕ್ಲಿಷ್ಟ. ಈ ಹಂತದಲ್ಲಿ ಶಸ್ತ್ರಚಿಕಿತ್ಸೆಗೊಳಗಾದವರಲ್ಲಿ, ಹೆರಿಗೆಯವರೆಗೆ ಕಾದು ಮಾಡಿಸಿಕೊಂಡವರಿಗಿಂತ ಅವಧಿಪೂರ್ವ ಹೆರಿಗೆ ಹೆಚ್ಚೆಂದು ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿದೆ. ಹೀಗಾಗಿ ಸಾಧ್ಯವಿದ್ದಲ್ಲಿ ಹೆರಿಗೆಯವರೆಗೆ ನಿಭಾಯಿಸುವುದು, ಸಾಧ್ಯವಾಗದಿದ್ದಲ್ಲಿ ಮಾತ್ರ ಶಸ್ತ್ರಚಿಕಿತ್ಸೆ ಎಂಬ ನಿಲುವಿಗೆ ಒಲವು ಹೆಚ್ಚು.

ಕಾಯುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದು ಇಲ್ಲಿ ಗಮನಾರ್ಹ. ಔಷಧದಿಂದ ಶಮನಗೊಂಡ ನೋವು ಹೆರಿಗೆಗೆ ಮುನ್ನ ಮರುಕಳಿಸುವ ಪ್ರಮಾಣ ಮೊದಲ ಮೂರು ತಿಂಗಳಲ್ಲಿ ಆರಂಭವಾದವರಲ್ಲಿ ಶೇ. 92, ನಡುವಿನ ಮೂರು ತಿಂಗಳಲ್ಲಿ ಶೇ. 64, ಕೊನೆಯ ಮೂರು ತಿಂಗಳಲ್ಲಿ ಶೇ. 44 ಎಂಬ ಅಂಕಿಗಳು ವೈದ್ಯಕೀಯ ಲೇಖನಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತವೆ. ಬಸಿರಿನ ಆರಂಭದಲ್ಲೇ ನೋವು ಬಂದವರಿಗೆ ಮುಂದೆ ಉಳಿದಿರುವ ತಿಂಗಳುಗಳೂ ಹೆಚ್ಚಲ್ಲವೇ? ಪ್ರತಿ ಬಾರಿ ಮರುಕಳಿಸಿದಾಗಲೂ ಉರಿಯೂತ, ನಾಳದ ಅಡಚಣೆ, ಮೇದೋಜೀರಕದ ಬಾವಿನ ಸಾಧ್ಯತೆ ತೆರೆದುಕೊಳ್ಳುತ್ತದೆ. ತಾಯಿಗೆ ತಗಲುವ ಇಂತಹ ತೀವ್ರ ಸೋಂಕೇ ಗರ್ಭಪಾತಕ್ಕೆ, ದಿನ ತುಂಬುವ ಮುನ್ನಿನ ಹೆರಿಗೆಗೆ ದಾರಿ ಮಾಡಿಕೊಡಬಲ್ಲದು. ‘ಆಪರೇಷನ್ ಮಾಡಿದರೆ ಮಗುವಿಗೆ ತೊಂದರೆ’ ಎಂಬ ಭಯದಷ್ಟೇ ‘ಮಾಡದಿದ್ದರೆ ಏನಾದೀತು’ ಎಂಬ ಪ್ರಶ್ನೆಯನ್ನೂ ವೈದ್ಯರ ಮುಂದಿಡಬೇಕಾದದ್ದು ಇದೇ ಕಾರಣಕ್ಕೆ.

ತವರಿನ ಪಯಣ, ತಪ್ಪಿಹೋಗುವ ಅವಧಿ

ಉತ್ತರ ಕರ್ನಾಟಕದ ರೂಢಿಯಂತೆ ಚೊಚ್ಚಲ ಗರ್ಭಿಣಿ ಏಳನೇ ತಿಂಗಳ ಸುಮಾರಿಗೆ ಕುಪ್ಪಸದ ಕಾರ್ಯ ಮುಗಿಸಿಕೊಂಡು ತವರಿಗೆ ತೆರಳುತ್ತಾಳೆ. ಐದನೇ ತಿಂಗಳಲ್ಲಿ ನೋವು ಬಂದಾಗ ‘ತವರಿಗೆ ಹೋದ ಮೇಲೆ ತೋರಿಸಿದರಾಯಿತು’ ಎಂದು ಗಂಡನ ಮನೆಯವರು, ‘ಗಂಡನ ಮನೆಯಲ್ಲಿ ತೋರಿಸಿಯೇ ಕಳುಹಿಸಿರುತ್ತಾರೆ’ ಎಂದು ತವರಿನವರು ಭಾವಿಸಿದರೆ ಶಸ್ತ್ರಚಿಕಿತ್ಸೆಗೆ ಅನುಕೂಲಕರವಾದ ಅವಧಿ ಇಬ್ಬರ ನಡುವೆ ಕಳೆದುಹೋಗುತ್ತದೆ. ನೋವನ್ನು ತಾಳಿಕೊಳ್ಳುವುದೇ ಹೆಣ್ಣಿನ ಲಕ್ಷಣವೆಂಬ ನಂಬಿಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ನೋವು ಬಂದ ದಿನ, ಎಷ್ಟು ಹೊತ್ತು ಇತ್ತು, ಏನು ಉಂಡ ನಂತರ ಬಂತು ಎಂಬುದನ್ನು ತಾಯಿ ಕಾರ್ಡ್‌ನ ಜೊತೆಗೆ ಒಂದು ಹಾಳೆಯಲ್ಲಿ ಬರೆದಿಡುವುದು ಉತ್ತಮ ರೂಢಿ. ಸ್ಕ್ಯಾನಿಂಗ್ ವರದಿ, ರಕ್ತ ಪರೀಕ್ಷೆಯ ಚೀಟಿಗಳು ಸೀರೆಯ ಪೆಟ್ಟಿಗೆಯೊಂದಿಗೇ ತವರಿಗೆ ಹೋಗಬೇಕು.

ಶಸ್ತ್ರಚಿಕಿತ್ಸೆ ನಡೆಯುವ ಬಗೆ

ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಗೂ ಉಪಕರಣಗಳನ್ನು ಇಳಿಸಿ ಪಿತ್ತಕೋಶ ಬೇರ್ಪಡಿಸಲಾಗುತ್ತದೆ. ಗರ್ಭಿಣಿಯರ ವಿಷಯದಲ್ಲಿ ಕೆಲವು ವಿಶೇಷ ಎಚ್ಚರಿಕೆಗಳಿವೆ. ಬೆಳೆದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಅದುಮದಂತೆ ಮೇಜನ್ನು ಎಡಕ್ಕೆ ಕೊಂಚ ವಾಲಿಸಲಾಗುತ್ತದೆ. ಗರ್ಭಕೋಶದ ಎತ್ತರ ನೋಡಿಕೊಂಡು ಮೊದಲ ರಂಧ್ರದ ಜಾಗ ನಿರ್ಧರಿಸಲಾಗುತ್ತದೆ. ಹೊಟ್ಟೆಯನ್ನು ಉಬ್ಬಿಸಲು ಬಳಸುವ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡವನ್ನು 10ರಿಂದ 15 ಮಿ.ಮೀ. ಪಾದರಸದ ಮಿತಿಯಲ್ಲಿ ಇರಿಸಲಾಗುತ್ತದೆ. ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರ ಮಗುವಿನ ಎದೆಬಡಿತ ಪರೀಕ್ಷಿಸಲಾಗುತ್ತದೆ. ಗರ್ಭಿಣಿಯರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಿರುವುದರಿಂದ ಬೇಗ ಎದ್ದು ನಡೆದಾಡುವಂತೆ ಸೂಚಿಸಲಾಗುತ್ತದೆ.

ಅರಿವಳಿಕೆಯ ಬಗೆಗಿನ ಆತಂಕ ಸಹಜ. ಈಗ ಬಳಕೆಯಲ್ಲಿರುವ ಅರಿವಳಿಕೆ ಔಷಧಗಳು ಸಾಮಾನ್ಯ ಪ್ರಮಾಣದಲ್ಲಿ ಮನುಷ್ಯ ಶಿಶುವಿನಲ್ಲಿ ಅಂಗವೈಕಲ್ಯ ಉಂಟುಮಾಡುತ್ತವೆ ಎಂಬುದಕ್ಕೆ ಆಧಾರ ದೊರೆತಿಲ್ಲ. ಆದರೆ ಅಪಾಯವೇ ಇಲ್ಲವೆನ್ನಲೂ ಆಗದು. ಅವಧಿಪೂರ್ವ ನೋವು, ರಕ್ತಸ್ರಾವ, ಪಿತ್ತನಾಳಕ್ಕೆ ಪೆಟ್ಟು, ಅನಿವಾರ್ಯವಾದಲ್ಲಿ ಹೊಟ್ಟೆ ಕೊಯ್ದು ಮಾಡಬೇಕಾಗುವ ಸಂಭವ ಇದ್ದೇ ಇರುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸಕ, ಪ್ರಸೂತಿ ತಜ್ಞ, ಅರಿವಳಿಕೆ ತಜ್ಞ ಹಾಗೂ ಮಕ್ಕಳ ತಜ್ಞರೆಲ್ಲ ಇರುವ, ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ಸಲಹುವ ಘಟಕವಿರುವ ಆಸ್ಪತ್ರೆಯಲ್ಲೇ ಇದು ನಡೆಯುವುದು ಕ್ಷೇಮ.

ಎಲ್ಲಿಗೆ ಹೋಗಬೇಕು?

ತಿಳವಳ್ಳಿ ಭಾಗದವರಿಗೆ ಮೊದಲ ಮೆಟ್ಟಿಲು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರ, ನಂತರ ಹಾನಗಲ್‌ನ ತಾಲೂಕು ಆಸ್ಪತ್ರೆ. ರಕ್ತದೊತ್ತಡ, ಮೂತ್ರ, ರಕ್ತ ಪರೀಕ್ಷೆಗಳು ಅಲ್ಲಿಯೇ ಆರಂಭವಾಗಬೇಕು. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ವೈದ್ಯಕೀಯ ಕಾಲೇಜೂ ಆರಂಭಗೊಂಡಿರುವ ಜಿಲ್ಲಾ ಕೇಂದ್ರ ಹಾವೇರಿ, ಕಿಮ್ಸ್ ಎಂದೇ ಜನಜನಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ದಕ್ಷಿಣಕ್ಕೆ ಶಿವಮೊಗ್ಗ, ಪೂರ್ವಕ್ಕೆ ದಾವಣಗೆರೆಯ ದೊಡ್ಡ ಆಸ್ಪತ್ರೆಗಳತ್ತ ಕಳುಹಿಸುವುದು ರೂಢಿ. ಇಆರ್‌ಸಿಪಿ ಸೌಲಭ್ಯ ಎಲ್ಲೆಡೆ ಇರುವುದಿಲ್ಲ. ಹೊರಡುವ ಮುನ್ನ ಕಳುಹಿಸುವ ವೈದ್ಯರಿಂದಲೇ ದೂರವಾಣಿ ಮಾಡಿಸಿ ಖಚಿತಪಡಿಸಿಕೊಂಡರೆ ನಡುರಾತ್ರಿ ಊರಿಂದೂರಿಗೆ ಅಲೆಯುವುದು ತಪ್ಪುತ್ತದೆ. ತುರ್ತಿದ್ದಾಗ 108 ಆಂಬುಲೆನ್ಸ್ ಕರೆಯಬಹುದು.

ಖರ್ಚಿನ ಚಿಂತೆಯಿಂದ ಚಿಕಿತ್ಸೆ ಮುಂದೂಡುವವರೂ ಇದ್ದಾರೆ. 2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಔಷಧ, ಪರೀಕ್ಷೆ, ಸಾಗಣೆ ಉಚಿತ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ರಕ್ಷಣೆ ಇದೆ. ಯಾವ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಂದ ಕೇಳಿ ತಿಳಿಯಬಹುದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ವಿಶೇಷ ತಪಾಸಣೆಯ ದಿನ ಪಕ್ಕೆ ನೋವಿನ ವಿಷಯ ಪ್ರಸ್ತಾಪಿಸಲು ಒಳ್ಳೆಯ ಅವಕಾಶ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

* ಕಲ್ಲು ಪಿತ್ತಕೋಶದಲ್ಲಿ ಮಾತ್ರ ಇದೆಯೇ, ನಾಳದಲ್ಲೂ ಇದೆಯೇ?
* ಉರಿಯೂತ ಅಥವಾ ಸೋಂಕಿನ ಲಕ್ಷಣ ಇದೆಯೇ?
* ಈ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ ಆಗುವ ಅಪಾಯವೇನು, ಕಾದರೆ ಆಗುವ ಅಪಾಯವೇನು?
* ಕಾಯುವುದಾದರೆ ಯಾವ ಲಕ್ಷಣ ಕಂಡಾಗ ಮರಳಿ ಬರಬೇಕು?
* ಈ ಆಸ್ಪತ್ರೆಯಲ್ಲಿ ನವಜಾತ ಶಿಶು ಘಟಕ ಇದೆಯೇ?

ಊಟದಲ್ಲಿ ಹಿಡಿತ, ಉಪವಾಸವಲ್ಲ

ಜಿಡ್ಡು ಬಿಡಬೇಕೆಂದು ಊಟವನ್ನೇ ಬಿಡುವುದು ತಪ್ಪು. ದೀರ್ಘ ಉಪವಾಸದಲ್ಲಿ ಪಿತ್ತಕೋಶ ಬರಿದಾಗದೆ ರಸ ಮತ್ತಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಸೋಮವಾರ, ಗುರುವಾರದ ಒಪ್ಪೊತ್ತು ವ್ರತಗಳನ್ನು ಈ ಕಾಲದಲ್ಲಿ ಕೈಬಿಡುವುದು ಲೇಸು. ಜೋಳದ ರೊಟ್ಟಿ, ಅನ್ನ, ಬೇಳೆ ಸಾರು, ಸೊಪ್ಪಿನ ಪಲ್ಯ, ಮೊಳಕೆ ಕಾಳು, ಕೆನೆ ತೆಗೆದ ಹಾಲು, ಮಜ್ಜಿಗೆ, ಹಣ್ಣುಗಳನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಸೇವಿಸಬಹುದು. ಕರಿದ ತಿಂಡಿ, ಹೆಚ್ಚು ಶೇಂಗಾ, ಕೊಬ್ಬರಿಯ ಮಸಾಲೆ, ಕೊಬ್ಬಿನ ಮಾಂಸಕ್ಕೆ ಮಿತಿ ಇರಲಿ. ಪಥ್ಯ ಕಲ್ಲನ್ನು ಕರಗಿಸದು, ನೋವು ಕೆರಳುವುದನ್ನು ತಗ್ಗಿಸಬಹುದಷ್ಟೆ. ಕಬ್ಬಿಣಾಂಶದ ಮಾತ್ರೆಗಳನ್ನು ಮಾತ್ರ ನಿಲ್ಲಿಸಬಾರದು.

ಹೆರಿಗೆಯಾಯಿತು, ಚಿಂತೆ ಮುಗಿಯಿತೇ?

ಮುಗಿಯುವುದಿಲ್ಲ. ಕಲ್ಲು ಕಂಡುಬಂದ ಹಲವರಲ್ಲಿ ಮೊದಲ ನೋವು ಕಾಣಿಸಿಕೊಳ್ಳುವುದು ಹೆರಿಗೆಯ ನಂತರದ ವಾರಗಳಲ್ಲಿ. ಈ ಭಾಗದ ಬಾಣಂತನದ ಊಟವನ್ನು ನೆನೆದರೆ ಅದರ ಕಾರಣ ಅರ್ಥವಾಗುತ್ತದೆ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ ಸೇರಿಸಿ ಕಟ್ಟಿದ ಅಂಟಿನುಂಡಿ, ಅನ್ನದ ಮೇಲೆ ಧಾರಾಳ ತುಪ್ಪ ಬಾಣಂತಿಯ ಸೊಂಟಕ್ಕೆ ಬಲವೆಂಬುದು ತಲೆತಲಾಂತರದ ನಂಬಿಕೆ. ಆರೋಗ್ಯವಂತೆಗೆ ಅದು ಸಲ್ಲಬಹುದು. ಆದರೆ ಕಲ್ಲಿರುವ ಬಾಣಂತಿಗೆ ಒಂದೇ ತುತ್ತಿನ ಜಿಡ್ಡು ಪಿತ್ತಕೋಶವನ್ನು ಬಲವಾಗಿ ಹಿಂಡಿಸಿ ನಡುರಾತ್ರಿ ಆಸ್ಪತ್ರೆ ಕಾಣಿಸಬಲ್ಲದು. ಅಂಟಿನುಂಡಿಯನ್ನು ಪೂರ್ತಿ ನಿಷೇಧಿಸಿ ಅಜ್ಜಿಯ ಮನ ನೋಯಿಸಬೇಕಿಲ್ಲ. ತುಪ್ಪ, ಕೊಬ್ಬರಿ ಕಡಿಮೆ ಮಾಡಿ ಸಣ್ಣ ಉಂಡಿ ಕಟ್ಟಬಹುದು. ಕಲ್ಲಿನ ವಿಷಯ ಬಾಣಂತನ ನೋಡಿಕೊಳ್ಳುವವರಿಗೆ ತಿಳಿದಿರಬೇಕು ಎಂಬುದೇ ಮುಖ್ಯ.

ಬಸಿರಿನಲ್ಲಿ ನೋವು ಬಂದಿದ್ದು, ಹೆರಿಗೆಯವರೆಗೆ ಕಾದವರು ಬಾಣಂತನ ಮುಗಿಯುವ ಮುನ್ನವೇ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಿ ಶಸ್ತ್ರಚಿಕಿತ್ಸೆಯ ದಿನ ನಿಗದಿಪಡಿಸಿಕೊಳ್ಳುವುದು ಸೂಕ್ತ. ಉದರದರ್ಶಕ ಶಸ್ತ್ರಚಿಕಿತ್ಸೆಯ ನಂತರ ಎಚ್ಚರವಾಗಿ ಚೇತರಿಸಿಕೊಂಡ ತಾಯಿ ಮಗುವಿಗೆ ಎದೆಹಾಲು ಕೊಡಬಹುದು; ಹಾಲು ಬಿಡಿಸಬೇಕೆಂಬ ಮಾತಿಗೆ ಆಧಾರವಿಲ್ಲ. ನೋವು ನಿಂತಿತೆಂದು ಮರೆತವರಿಗೆ ಮುಂದಿನ ಬಸಿರಿನಲ್ಲಿ ಅದೇ ಕಲ್ಲು ಮತ್ತೆ ಕಾಡುವ ಸಾಧ್ಯತೆ ಇದೆ.

ಒಟ್ಟಾರೆ ಹೇಳುವುದಾದರೆ ನೋವಿಲ್ಲದ ಕಲ್ಲಿಗೆ ಚಿಕಿತ್ಸೆ ಬೇಡ. ಒಂದು ಬಾರಿ ಬಂದು ಹೋದ ನೋವಿಗೆ ಪಥ್ಯ, ಔಷಧ ಮತ್ತು ನಿಗಾ ಸಾಕು. ಮರುಕಳಿಸುವ ನೋವಿಗೆ, ಅದರಲ್ಲೂ ನಾಲ್ಕರಿಂದ ಆರನೇ ತಿಂಗಳ ಒಳಗಿದ್ದರೆ, ಶಸ್ತ್ರಚಿಕಿತ್ಸೆಯ ಕುರಿತು ತಜ್ಞರೊಂದಿಗೆ ಮುಕ್ತವಾಗಿ ಚರ್ಚಿಸಬೇಕು. ಜ್ವರ, ಕಾಮಾಲೆ, ನಿಲ್ಲದ ನೋವಿದ್ದರೆ ತಿಂಗಳು ಯಾವುದೇ ಇರಲಿ, ತಡಮಾಡದೆ ಆಸ್ಪತ್ರೆ ಸೇರಬೇಕು. ಬಸಿರಿಯ ಬಲಪಕ್ಕೆಯ ನೋವು ಎರಡನೇ ಬಾರಿ ಬಂದ ದಿನ ಜೀರಿಗೆ ಕಷಾಯದ ಲೋಟ ಕೆಳಗಿಟ್ಟು ತಾಯಿ ಕಾರ್ಡ್ ಕೈಗೆತ್ತಿಕೊಳ್ಳುವುದೇ ಮನೆಯವರು ತೋರಬಹುದಾದ ಜಾಣ್ಮೆ.